ಹುಕ್ಕೇರಿಯ ಅಂಗಳದಲ್ಲಿ ಸ್ಟ್ರಾಬೆರಿ: ಕುಂಡವೇ ಸರಿ

ಸ್ಟ್ರಾಬೆರಿ ಮಹಾಬಳೇಶ್ವರದ ಬೆಟ್ಟಕ್ಕಷ್ಟೇ ಸಲ್ಲುವ ಬೆಳೆ, ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯ ಬಿಸಿಲಿಗೆ ಒಗ್ಗದು ಎಂಬ ಮಾತು ಅರ್ಧ ಮಾತ್ರ ನಿಜ. ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ಗಿಡ ಸೊರಗುವುದು ಹೌದು. ಆದರೆ ನವೆಂಬರಿನಿಂದ ಫೆಬ್ರುವರಿವರೆಗೆ ಇಲ್ಲಿನ ರಾತ್ರಿಗಳು ತಂಪು, ಹಗಲು ಹಿತ. ಆ ತಿಂಗಳುಗಳಲ್ಲೂ ಗಿಡ ಸೋತರೆ ಮೊದಲು ನೋಡಬೇಕಾದದ್ದು ಮಣ್ಣನ್ನು. ಸ್ಟ್ರಾಬೆರಿಗೆ ತುಸು ಹುಳಿ ಮಣ್ಣು ಬೇಕು, ರಸಸಾರ 5.5ರಿಂದ 6.5 ಇರಬೇಕು. ನಮ್ಮ ಎರೆಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು, ರಸಸಾರ ಸಾಮಾನ್ಯವಾಗಿ 7.5 ದಾಟುತ್ತದೆ. ಅಂಥಲ್ಲಿ ಕಬ್ಬಿಣದ ಅಂಶ ಬೇರಿಗೆ ದಕ್ಕುವುದಿಲ್ಲ. ಎಳೆ ಎಲೆ ಹಳದಿಗೆ ತಿರುಗಿ ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ನೀರು ನಿಂತರಂತೂ ಬೇರೇ ಕೊಳೆಯುತ್ತದೆ. ಹೊಲದ ಗುಣ ಬದಲಿಸುವುದು ಕಷ್ಟ, ಕುಂಡದ ಮಣ್ಣನ್ನು ನಾವೇ ಕಲಸಬಹುದು.

ಕುಂಡಕ್ಕೆ ಹೇಳಿಮಾಡಿಸಿದ್ದು ಆಲ್ಪೈನ್ ಸ್ಟ್ರಾಬೆರಿ. ಯುರೋಪಿನ ಕಾಡು ಸ್ಟ್ರಾಬೆರಿಯ ಬಗೆ ಇದು. ಹಣ್ಣು ಬೆರಳ ತುದಿಯಷ್ಟೇ, ಪರಿಮಳ ಮಾತ್ರ ಜೋರು. ಹೆಚ್ಚಿನ ತಳಿಗಳು ಬಳ್ಳಿ ಚಾಚುವುದಿಲ್ಲವಾದ್ದರಿಂದ ಎಂಟಂಗುಲದ ಕುಂಡದಲ್ಲಿ ಒಂದು ಗಿಡ ನಿಶ್ಚಿಂತೆಯಿಂದ ಬೆಳೆಯುತ್ತದೆ. ಬೀಜವನ್ನು ಒದ್ದೆ ಮರಳಿನಲ್ಲಿ ಬೆರೆಸಿ ಮೂರು ವಾರ ಫ್ರಿಜ್ಜಿನಲ್ಲಿಟ್ಟು, ಜುಲೈ-ಆಗಸ್ಟ್‌ನಲ್ಲಿ ನೆರಳಿರುವ ಟ್ರೇಯಲ್ಲಿ ಚೆಲ್ಲಿ. ಮೇಲೆ ಮಣ್ಣು ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ಎರಡರಿಂದ ನಾಲ್ಕು ವಾರ ತಾಳ್ಮೆಯಿರಲಿ. ನಾಲ್ಕೈದು ಎಲೆ ಬಂದ ಸಸಿಯನ್ನು ಅಕ್ಟೋಬರ್‌ನಲ್ಲಿ ಕುಂಡಕ್ಕೆ ಬದಲಿಸಿ. ಎರಡು ಪಾಲು ಕೋಕೋಪೀಟ್, ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಹುಳು ಗೊಬ್ಬರ ಸಾಕು. ಬೂದಿ, ಸುಣ್ಣ ಬೆರೆಸಲೇಬೇಡಿ. ಎಲೆಗಳು ಹೊರಡುವ ಬುಡ ಮಣ್ಣಿನ ಮೇಲೆಯೇ ಇರಬೇಕು, ಹೂತರೆ ಕೊಳೆಯುತ್ತದೆ. ಮೇಲೆ ಕಬ್ಬಿನ ರವದಿ ಹಾಸಿದರೆ ತೇವ ಉಳಿಯುತ್ತದೆ, ಹಣ್ಣಿಗೆ ಮಣ್ಣು ತಾಗುವುದಿಲ್ಲ.

ನೀರಿನ ವಿಷಯದಲ್ಲಿ ಹಲವರು ಎಡವುತ್ತಾರೆ. ಮಣ್ಣು ಎಷ್ಟೇ ಚೆನ್ನಾಗಿ ಕಲಸಿದರೂ ಸವಳು ಕೊಳವೆಬಾವಿ ನೀರನ್ನು ದಿನವೂ ಹಾಕಿದರೆ ರಸಸಾರ ಮತ್ತೆ ಏರುತ್ತದೆ. ಹಿಡಿದಿಟ್ಟ ಮಳೆನೀರು ಮೇಲು. ಬೆಳಗಿನ ಐದಾರು ಗಂಟೆ ಬಿಸಿಲು ಬೀಳಲಿ. ಮಾರ್ಚ್ ಬಂತೆಂದರೆ ಕುಂಡವನ್ನು ಗೋಡೆಯ ಪೂರ್ವಕ್ಕೆ ಸರಿಸಿ ನೆರಳು ಪರದೆ ಕಟ್ಟಿ. ಬೇಸಿಗೆಯಲ್ಲಿ ಹೂ ನಿಂತರೆ ಗಾಬರಿ ಬೇಡ.

ಪೇಟೆಯಲ್ಲಿ ಡಬ್ಬಿಗಟ್ಟಲೆ ಸಿಗುವ ಹಣ್ಣಿಗೆ ಇಷ್ಟು ಉಪಚಾರವೇಕೆ ಎಂದು ಕೇಳಬಹುದು. ಸ್ಟ್ರಾಬೆರಿ ಕಿತ್ತ ಮೇಲೆ ಸಿಹಿಯಾಗುವುದಿಲ್ಲ. ದೂರ ಸಾಗಿಸಲು ಬೇಗ ಕಿತ್ತದ್ದು ಹುಳಿಯಾಗಿಯೇ ಉಳಿಯುತ್ತದೆ. ಆಲ್ಪೈನ್ ಹಣ್ಣು ತೀರ ಮೆತ್ತಗಿದ್ದು ಸಾಗಣೆಯನ್ನೇ ತಾಳದು, ತಿನ್ನಬೇಕೆಂದರೆ ಬೆಳೆಯಬೇಕು. ನಾಲ್ಕು ಕುಂಡದಿಂದ ಬುಟ್ಟಿ ತುಂಬದೆಂಬುದೂ ಸತ್ಯ. ಪ್ರಮಾಣ ಬೇಕಾದವರು ಅಕ್ಟೋಬರ್‌ನಲ್ಲಿ ವಿಂಟರ್ ಡಾನ್ ಅಥವಾ ಸ್ವೀಟ್ ಚಾರ್ಲಿ ಸಸಿ ತಂದು ಇದೇ ಮಿಶ್ರಣದಲ್ಲಿ ನೆಡಲಿ. ಆದರೆ ಕಬ್ಬು ತೆಗೆದು ಎಕರೆಗಟ್ಟಲೆ ಹಾಕುವ ಆತುರ ಬೇಡ. ಮೊದಲು ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ, ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದ ತಜ್ಞರೊಂದಿಗೆ ಮಾತಾಡಿ.