ಒಂದೇ ಕಣಿವೆಯಲ್ಲಿ ಒಂದು ವಾರ: ಕಡಿಮೆ ಖರ್ಚಿನಲ್ಲಿ ಇಂಗ್ಲೆಂಡಿನ ಹಳ್ಳಿಗಾಡು

ಇಂಗ್ಲೆಂಡ್ ಪ್ರವಾಸದಲ್ಲಿ ದುಡ್ಡು ಹೆಚ್ಚು ಸೋರುವುದು ಊರಿಂದೂರಿಗೆ ಓಡುವುದರಲ್ಲಿ. ಸೋಮವಾರ ಬಾತ್, ಮಂಗಳವಾರ ಕಾಟ್ಸ್‌ವಲ್ಡ್ಸ್, ಗುರುವಾರ ಲೇಕ್ ಡಿಸ್ಟ್ರಿಕ್ಟ್ ಎಂದು ಪಟ್ಟಿ ಮಾಡಿಕೊಂಡರೆ ದಿನಕ್ಕೊಂದು ರೈಲು ಟಿಕೆಟ್, ರಾತ್ರಿಗೊಂದು ಹೊಸ ಕೋಣೆ, ಹೊತ್ತುಹೊತ್ತಿಗೆ ಹೋಟೆಲ್ ಊಟ. ಅರ್ಧ ರಜೆ ಪೆಟ್ಟಿಗೆ ಎಳೆಯುವುದರಲ್ಲೇ ಮುಗಿಯುತ್ತದೆ. ನನ್ನ ಸಲಹೆ ಇಷ್ಟೇ: ಒಂದು ಕಣಿವೆಯನ್ನು ಆರಿಸಿಕೊಳ್ಳಿ, ಅಲ್ಲಿ ವಾರವಿಡೀ ತಂಗಿ, ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನಡೆಯಲು ಹೊರಡಿ. ಆ ದೇಶದ ಹಳ್ಳಿಗಾಡಿನಲ್ಲಿ ನೋಡಲು ಅತಿ ಯೋಗ್ಯವಾದದ್ದಕ್ಕೆ ಟಿಕೆಟ್ಟೇ ಇಲ್ಲ.

ಯಾವ ಕಣಿವೆ? ಕ್ಯಾಲೆಂಡರ್ ಚಿತ್ರಗಳಲ್ಲಿ ಕಾಣುವ ಜೇನುಬಣ್ಣದ ಕಲ್ಲಿನ ಮನೆಗಳು ಕಾಟ್ಸ್‌ವಲ್ಡ್ಸ್‌ನವು. ಅಂದ ಹೌದು, ಆದರೆ ಅಲ್ಲಿ ವಸತಿ ದುಬಾರಿ, ಹಳ್ಳಿಗಳಿಗೆ ಬಸ್ಸು ವಿರಳ, ಕಾರಿಲ್ಲದವರಿಗೆ ಕಷ್ಟ. ಲೇಕ್ ಡಿಸ್ಟ್ರಿಕ್ಟ್ ಅದಕ್ಕಿಂತ ದೊಡ್ಡ ಚೆಲುವು, ಆದರೆ ಬೇಸಿಗೆಯಲ್ಲಿ ಜನಜಂಗುಳಿ. ಮೊದಲ ಸಲ ಹೋಗುವವರಿಗೆ, ಕಾರಿಲ್ಲದವರಿಗೆ, ಲೆಕ್ಕ ನೋಡಿ ಖರ್ಚು ಮಾಡುವವರಿಗೆ ನಾನು ಹೇಳುವುದು ಪೀಕ್ ಡಿಸ್ಟ್ರಿಕ್ಟ್, ಅದರಲ್ಲೂ ಹೋಪ್ ವ್ಯಾಲಿ. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ಎಂಬ ಎರಡು ದೊಡ್ಡ ನಗರಗಳ ನಡುವೆ ಇದು ಮಲಗಿದೆ. 1894ರಲ್ಲಿ ತೆರೆದ ರೈಲು ಮಾರ್ಗ ಕಣಿವೆಯ ನಡುವೆಯೇ ಹಾಯುತ್ತದೆ. ಈಡೇಲ್, ಹೋಪ್, ಬ್ಯಾಮ್‌ಫರ್ಡ್, ಹ್ಯಾದರ್ಸೇಜ್, ಗ್ರಿಂಡಲ್‌ಫರ್ಡ್ ಎಂದು ಸಾಲಾಗಿ ಪುಟ್ಟ ನಿಲ್ದಾಣಗಳು. ರೈಲಿಳಿದು ಕೆಲವೇ ನಿಮಿಷಗಳಲ್ಲಿ ಬೆಟ್ಟದ ಬುಡದಲ್ಲಿರುತ್ತೀರಿ. ಮ್ಯಾಂಚೆಸ್ಟರ್‌ನಿಂದ ಈಡೇಲ್‌ಗೆ ಸುಮಾರು 45 ನಿಮಿಷ, ಶೆಫೀಲ್ಡ್‌ನಿಂದ ಇನ್ನೂ ಕಡಿಮೆ. ಆದರೆ ಎಲ್ಲ ಕಡೆ ನಿಲ್ಲುವ ರೈಲನ್ನೇ ಹತ್ತಬೇಕು. ವೇಗದ ರೈಲುಗಳು ಈ ಸಣ್ಣ ನಿಲ್ದಾಣಗಳಲ್ಲಿ ನಿಲ್ಲದೆ ಮುಂದಕ್ಕೆ ಓಡುತ್ತವೆ.

ಹಾಗಾಗಿ ವಿಮಾನ ಟಿಕೆಟ್ ಹುಡುಕುವಾಗ ಲಂಡನ್ ಜೊತೆಗೆ ಮ್ಯಾಂಚೆಸ್ಟರ್ ದರವನ್ನೂ ನೋಡಿ. ಬೆಂಗಳೂರಿನಿಂದ ದುಬೈ, ದೋಹಾ, ಅಬುಧಾಬಿ ಮೇಲೆ ಹಾಯ್ದು ಮ್ಯಾಂಚೆಸ್ಟರ್‌ಗೆ ಇಳಿಯಬಹುದು. ವಿಮಾನ ನಿಲ್ದಾಣಕ್ಕೇ ರೈಲು ಬರುತ್ತದೆ. ಮ್ಯಾಂಚೆಸ್ಟರ್ ಪಿಕಡಿಲಿ ನಿಲ್ದಾಣದಲ್ಲಿ ಒಮ್ಮೆ ಬದಲಿಸಿದರೆ ಕಣಿವೆ. ಲಂಡನ್‌ಗೇ ಇಳಿಯುವುದಾದರೆ ಶೆಫೀಲ್ಡ್‌ವರೆಗಿನ ರೈಲಿಗೆ 'ಅಡ್ವಾನ್ಸ್' ಟಿಕೆಟ್ ತೆಗೆದುಕೊಳ್ಳಿ. ಇವು ಸಾಮಾನ್ಯವಾಗಿ ಪ್ರಯಾಣಕ್ಕೆ 12 ವಾರ ಮುಂಚಿನಿಂದ ಸಿಗುತ್ತವೆ. ಅದೇ ರೈಲಿಗೆ ಹೊರಡುವ ದಿನ ಕೌಂಟರಿನಲ್ಲಿ ಕೊಂಡರೆ ಬೆಲೆ ಹಲವು ಪಟ್ಟು ಏರಿರಬಹುದು. ಇನ್ನೂ ಅಗ್ಗ ಬೇಕೆಂದರೆ ನ್ಯಾಷನಲ್ ಎಕ್ಸ್‌ಪ್ರೆಸ್ ಬಸ್ಸು, ಹೊತ್ತು ಮಾತ್ರ ಹೆಚ್ಚು. ಗಂಡ ಹೆಂಡತಿ ಅಥವಾ ಇಬ್ಬರು ಗೆಳೆಯರು ಜೊತೆಯಲ್ಲೇ ಓಡಾಡುವುದಾದರೆ 'ಟೂ ಟುಗೆದರ್' ರೈಲ್‌ಕಾರ್ಡ್ ಮಾಡಿಸಿ. 2025ರಲ್ಲಿ ಅದರ ಬೆಲೆ 35 ಪೌಂಡ್. ಟಿಕೆಟ್ ದರದಲ್ಲಿ ಮೂರನೇ ಒಂದು ಭಾಗ ಇಳಿಯುತ್ತದೆ, ಆದರೆ ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆ ನಂತರವೇ ಅದು ನಡೆಯುತ್ತದೆ. ಮಕ್ಕಳು ಅಲ್ಲಿ ಕೆಲಸದಲ್ಲಿದ್ದಾರೆಂದು ಹೋಗುವ ಅಪ್ಪ ಅಮ್ಮಂದಿರಿಗೆ 60 ದಾಟಿದ್ದರೆ ಸೀನಿಯರ್ ರೈಲ್‌ಕಾರ್ಡ್ ಉಂಟು. ವಿದೇಶಿಯರಿಗೆಂದು ಮಾರುವ ಬ್ರಿಟ್‌ರೈಲ್ ಪಾಸ್, ಒಂದೇ ಕಡೆ ತಂಗುವವರಿಗೆ ದಂಡ.

ಕಣಿವೆಯೊಳಗಿನ ಓಡಾಟಕ್ಕೆ ಬಸ್ಸು ಸಾಕು. ಲಂಡನ್ ಹೊರಗಿನ ಇಂಗ್ಲೆಂಡಿನಲ್ಲಿ ಬಹುತೇಕ ಸ್ಥಳೀಯ ಬಸ್ಸುಗಳ ಒಂದು ಕಡೆಯ ಟಿಕೆಟ್ 3 ಪೌಂಡ್ ಮೀರಬಾರದೆಂಬ ಮಿತಿ 2025ರ ಜನವರಿಯಿಂದ ಜಾರಿಯಲ್ಲಿದೆ. ಅದನ್ನು 2027ರ ಮಾರ್ಚ್‌ವರೆಗೆ ಮುಂದುವರಿಸಲಾಗಿದೆ. ಶೆಫೀಲ್ಡ್‌ನಿಂದ ಹ್ಯಾದರ್ಸೇಜ್ ಮೇಲೆ ಕ್ಯಾಸಲ್‌ಟನ್‌ಗೆ 272, ಚಾಟ್ಸ್‌ವರ್ತ್ ಮೇಲೆ ಬೇಕ್‌ವೆಲ್‌ಗೆ 218: ಈ ಎರಡು ನಂಬರು ನೆನಪಿಟ್ಟುಕೊಂಡರೆ ಅರ್ಧ ಕೆಲಸವಾಯಿತು. ಭಾನುವಾರದ ವೇಳಾಪಟ್ಟಿ ಬೇರೆಯೇ ಇರುತ್ತದೆ, ಕೊನೆಯ ಬಸ್ಸು ನಮ್ಮ ಎಣಿಕೆಗಿಂತ ಬೇಗ ಹೊರಟುಬಿಡುತ್ತದೆ. ಹಿಂದಿರುಗುವ ಬಸ್ಸಿನ ಹೊತ್ತನ್ನು ನೋಡಿಕೊಂಡೇ ಬೆಳಿಗ್ಗೆ ಹೊರಡಬೇಕು. ಹಳ್ಳಿಯಲ್ಲಿ ರಾತ್ರಿ ಟ್ಯಾಕ್ಸಿ ಕರೆಯುವುದೆಂದರೆ ದಿನದ ಉಳಿತಾಯವನ್ನೆಲ್ಲ ಅಲ್ಲೇ ಸುರಿದಂತೆ.

ತಂಗಲು ಮೂರು ದಾರಿ. ಯೂತ್ ಹಾಸ್ಟೆಲ್ ಎಂಬ ಹೆಸರು ನೋಡಿ ಹಿಂಜರಿಯಬೇಡಿ. 1930ರಲ್ಲಿ ಹುಟ್ಟಿದ ಆ ಸಂಸ್ಥೆಯ ಮನೆಗಳಲ್ಲಿ ವಯಸ್ಸಿನ ಮಿತಿಯಿಲ್ಲ, ಸಂಸಾರಕ್ಕೆ ಪ್ರತ್ಯೇಕ ಕೋಣೆಗಳಿರುತ್ತವೆ, ಬಹಳಷ್ಟು ಕಡೆ ನಾವೇ ಅಡುಗೆ ಮಾಡಿಕೊಳ್ಳುವ ಅಡುಗೆಮನೆಯೂ ಇರುತ್ತದೆ. ಕ್ಯಾಸಲ್‌ಟನ್ ಬಳಿಯ ಲೋಸ್‌ಹಿಲ್ ಹಾಲ್, ಹಾರ್ಟಿಂಗ್‌ಟನ್‌ನ ಹಳೆಯ ಬಂಗಲೆ ಇಂಥವು. ನಾಲ್ಕೈದು ಜನರಿದ್ದರೆ ವಾರದ ಬಾಡಿಗೆಯ ಕಾಟೇಜ್ ಲಾಭ, ಆದರೆ ಅವು ಹೆಚ್ಚಾಗಿ ಶುಕ್ರವಾರದಿಂದ ಶುಕ್ರವಾರ ಅಥವಾ ಶನಿವಾರದಿಂದ ಶನಿವಾರ ಎಂಬ ಲೆಕ್ಕದಲ್ಲಿ ಸಿಗುತ್ತವೆ. ವಿಮಾನದ ದಿನಾಂಕವನ್ನು ಅದಕ್ಕೆ ಹೊಂದಿಸಿಕೊಳ್ಳಿ. ಮೂರನೆಯದು ಶೆಫೀಲ್ಡ್ ನಗರದಲ್ಲೇ ಸಾದಾ ಹೋಟೆಲ್ ಹಿಡಿದು ದಿನಾ ರೈಲಿನಲ್ಲಿ ಹೋಗಿ ಬರುವುದು. ಹಳ್ಳಿಯ ಬೆಳಗು ತಪ್ಪುತ್ತದೆ, ದುಡ್ಡು ಉಳಿಯುತ್ತದೆ. ಕೈಗೆಟುಕುವಂತಿದ್ದರೆ ಎರಡು ರಾತ್ರಿಯಾದರೂ ಕಣಿವೆಯಲ್ಲೇ ಮಲಗಿ ಎನ್ನುತ್ತೇನೆ.

ಯಾವಾಗ ಹೋಗಬೇಕು ಎಂಬುದಕ್ಕೆ ನಮ್ಮ ಶಾಲೆಗಳ ಬೇಸಿಗೆ ರಜೆಯೇ ಒಳ್ಳೆಯ ಉತ್ತರ. ಏಪ್ರಿಲ್ ಕೊನೆಯಿಂದ ಮೇ ಮೂರನೇ ವಾರದವರೆಗೆ ಕುರಿಮರಿಗಳು ಹೊಲ ತುಂಬಿರುತ್ತವೆ, ಕಾಡಿನಡಿ ಬ್ಲೂಬೆಲ್ ಹೂವು, ರಾತ್ರಿ ಒಂಬತ್ತರ ಸುಮಾರಿಗೂ ಬೆಳಕು. ಈಸ್ಟರ್ ರಜೆ, ಮೇ ಕೊನೆಯ ವಾರ, ಜುಲೈ ಕೊನೆಯಿಂದ ಆಗಸ್ಟ್ ಮುಗಿಯುವವರೆಗೆ ಅಲ್ಲಿನ ಶಾಲೆಗಳಿಗೆ ರಜೆ. ಕೋಣೆಗಳ ಬೆಲೆ ಏರುತ್ತದೆ. ಹೀದರ್ ಹೂಬಿಟ್ಟು ಬೆಟ್ಟಗಳು ನೇರಳೆಯಾಗುವುದು ಆಗಸ್ಟ್‌ನಲ್ಲಿ. ಅದನ್ನೇ ನೋಡಬೇಕೆಂದರೆ ಆ ಬೆಲೆ ತೆರಬೇಕು.

ವೀಸಾ ವಿಚಾರ ಚುಟುಕಾಗಿ: ಆರು ತಿಂಗಳ ಪ್ರವಾಸಿ ವೀಸಾಕ್ಕೆ 2025ರ ಏಪ್ರಿಲ್‌ನಲ್ಲಿ ನಿಗದಿಯಾದ ಶುಲ್ಕ 127 ಪೌಂಡ್, ಹೊರಡುವ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಬೆಂಗಳೂರಿನಲ್ಲೇ ಬೆರಳಚ್ಚು ಕೊಡಬಹುದು, ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ. ಈಗಿನ ಶುಲ್ಕವನ್ನು ಬ್ರಿಟಿಷ್ ಸರ್ಕಾರದ ಜಾಲತಾಣದಲ್ಲೇ ನೋಡಿ. ವೀಸಾ ಕೈಗೆ ಬರುವವರೆಗೆ ರದ್ದು ಮಾಡಿದರೆ ಹಣ ವಾಪಸಾಗುವ ಕೋಣೆಗಳನ್ನಷ್ಟೇ ಕಾಯ್ದಿರಿಸಿ.

ಇನ್ನು ನಡಿಗೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 2,25,000 ಕಿಲೋಮೀಟರ್ ಸಾರ್ವಜನಿಕ ಹಕ್ಕುದಾರಿಗಳಿವೆ. ಯಾರದೋ ಹೊಲ, ಯಾರದೋ ಕುರಿ ಹುಲ್ಲುಗಾವಲು, ಕೆಲವೊಮ್ಮೆ ಯಾರದೋ ಮನೆಯಂಗಳದ ಪಕ್ಕದಲ್ಲೇ ದಾರಿ ಹಾಯುತ್ತದೆ. ಮಾಲೀಕ ತಡೆಯುವಂತಿಲ್ಲ, ನಾವು ದಾರಿ ಬಿಟ್ಟು ಕದಲುವಂತಿಲ್ಲ. ಕಂಬದ ಮೇಲೆ ಹಳದಿ ಬಾಣವಿದ್ದರೆ ಕಾಲುದಾರಿ. ನೀಲಿ ಬಾಣವಿದ್ದರೆ ಕುದುರೆ, ಸೈಕಲ್ಲುಗಳೂ ಬರುವ ದಾರಿ. ಕುಮಾರಪರ್ವತ ಹತ್ತಲು ಆನ್‌ಲೈನ್‌ನಲ್ಲಿ ಅನುಮತಿ ಪಡೆದು ರೂಢಿಯಾದ ನಮಗೆ, ಚೀಟಿಯಿಲ್ಲದೆ ಬೆಟ್ಟಕ್ಕೆ ಹೊರಡುವುದು ಮೊದಲು ಕಳ್ಳತನದಂತೆ ಅನ್ನಿಸಬಹುದು. ಆರ್ಡನೆನ್ಸ್ ಸರ್ವೆಯ ಕಿತ್ತಳೆ ರಟ್ಟಿನ 1:25,000 ಭೂಪಟ ಒಂದನ್ನು ಕೊಳ್ಳಿ. ಹೊಲದ ಗೋಡೆಗಳೂ ಅದರಲ್ಲಿ ಗೀಟುಗಳಾಗಿರುತ್ತವೆ. ಪ್ರವಾಸದ ಖರ್ಚಿನಲ್ಲಿ ಇಷ್ಟು ಸಾರ್ಥಕವಾದದ್ದು ಬೇರೊಂದಿಲ್ಲ.

ಈ ಸ್ವಾತಂತ್ರ್ಯ ಪುಕ್ಕಟೆ ಬಂದದ್ದಲ್ಲ. ಈಡೇಲ್ ಮೇಲಿನ ಕಿಂಡರ್ ಸ್ಕೌಟ್, 636 ಮೀಟರ್, ಈ ಸೀಮೆಯ ಅತಿ ಎತ್ತರದ ನೆಲ. ಅದು ಒಂದು ಕಾಲಕ್ಕೆ ಸಿರಿವಂತರು ಹಕ್ಕಿ ಬೇಟೆಗೆಂದು ಬೇಲಿ ಹಾಕಿಟ್ಟ ಬಯಲು. 1932ರ ಏಪ್ರಿಲ್ 24ರಂದು ಬೆನ್ನಿ ರಾಥ್‌ಮನ್ ಎಂಬ ಇಪ್ಪತ್ತರ ಯುವಕನ ಮುಂದಾಳ್ತನದಲ್ಲಿ ನೂರಾರು ಜನ, ಹೆಚ್ಚಿನವರು ಮ್ಯಾಂಚೆಸ್ಟರ್ ಕಡೆಯ ದುಡಿಮೆಗಾರ ಹುಡುಗರು, ಹೇಫೀಲ್ಡ್‌ನಿಂದ ಹೊರಟು ಕಾವಲುಗಾರರನ್ನು ದಾಟಿ ಮೇಲೆ ಹತ್ತಿದರು. ಐವರಿಗೆ ಜೈಲಾಯಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂತು, 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಇಂದು ಅದಕ್ಕೆ ಪ್ರವೇಶದ್ವಾರವೂ ಇಲ್ಲ, ಶುಲ್ಕವೂ ಇಲ್ಲ. ಜನ ಅದರೊಳಗೇ ಬದುಕುತ್ತಾರೆ. ಕೈಯಲ್ಲಿ ಕಾಸಿಲ್ಲದ ದುಡಿಮೆಗಾರ ಹುಡುಗರು ಗೆದ್ದುಕೊಟ್ಟ ಬೆಟ್ಟದ ಮೇಲೆ ನಡೆಯುತ್ತಿದ್ದೇವೆ ಎಂಬ ಅರಿವಿದ್ದರೆ ಆ ಏರುವಿಕೆಯ ರುಚಿಯೇ ಬೇರೆ.

ಮೊದಲ ದಿನಕ್ಕೆ ಕಿಂಡರ್ ಬೇಡ. ಈಡೇಲ್‌ನಲ್ಲಿ ಇಳಿದು ಹಾಲಿನ್ಸ್ ಕ್ರಾಸ್‌ಗೆ ಹತ್ತಿ, ಬಲಕ್ಕೆ ತಿರುಗಿ ಏಣಿನ ಮೇಲೆ ಮ್ಯಾಮ್ ಟಾರ್‌ಗೆ ನಡೆಯಿರಿ. 517 ಮೀಟರ್ ಎತ್ತರ, ನೆತ್ತಿಯ ಹತ್ತಿರ ಕಲ್ಲು ಹಾಸಿದ ದಾರಿ, ಎರಡೂ ಬದಿಗೆ ಎರಡು ಕಣಿವೆ. ಶಿಖರದ ಸುತ್ತ ಪ್ರಾಚೀನ ಕೋಟೆಯ ಮಣ್ಣಿನ ದಿಬ್ಬಗಳಿವೆ. ಈ ಗುಡ್ಡ ಇಂದಿಗೂ ಕುಸಿಯುತ್ತಲೇ ಇದೆ. ಅದರ ಬುಡದ ಹೆದ್ದಾರಿಯನ್ನು ರಿಪೇರಿ ಮಾಡಿ ಮಾಡಿ ಸೋತು 1979ರಲ್ಲಿ ಕೈಬಿಟ್ಟರು. ಹಪ್ಪಳ ಮುರಿದಂತೆ ತುಂಡಾಗಿ ಬಿದ್ದಿರುವ ಆ ಡಾಂಬರಿನ ಮೇಲೆ ಇಳಿದು ಕ್ಯಾಸಲ್‌ಟನ್ ಸೇರಬಹುದು. ಅಲ್ಲಿ ನಾಲ್ಕು ಗುಹೆಗಳಿವೆ, ನಾಲ್ಕಕ್ಕೂ ಟಿಕೆಟ್. ಒಂದನ್ನೇ ಆರಿಸಿ: ಬ್ಲೂ ಜಾನ್ ಎಂಬ ನೇರಳೆ-ಹಳದಿ ಪಟ್ಟೆಯ ಕಲ್ಲು ನೋಡಬೇಕಿದ್ದರೆ ಟ್ರೀಕ್ ಕ್ಲಿಫ್, ಮೆಟ್ಟಿಲು ಇಳಿದು ದೋಣಿಯಲ್ಲಿ ಸಾಗಬೇಕಿದ್ದರೆ ಸ್ಪೀಡ್‌ವೆಲ್.

ಒಂದು ದಿನವನ್ನು ಈಮ್ ಹಳ್ಳಿಗೆ ಕೊಡಿ. 1665ರಲ್ಲಿ ಲಂಡನ್‌ನಿಂದ ದರ್ಜಿಗೆ ಬಂದ ಬಟ್ಟೆಯ ಗಂಟಿನೊಡನೆ ಪ್ಲೇಗ್ ಬಂತೆಂದು ಹೇಳುತ್ತಾರೆ. ಪಾದ್ರಿ ವಿಲಿಯಂ ಮೊಂಪೆಸನ್ ಮಾತಿಗೆ ಒಪ್ಪಿ ಊರಿನವರು ತಮ್ಮ ಗಡಿ ತಾವೇ ಮುಚ್ಚಿಕೊಂಡರು, ಸುತ್ತಲ ಹಳ್ಳಿಗಳು ಉಳಿಯಲೆಂದು. ಸುಮಾರು 260 ಜನ ಸತ್ತರು. ಗಡಿಗಲ್ಲಿನ ಕುಳಿಗಳಲ್ಲಿ ವಿನಿಗರ್ ತುಂಬಿ ನಾಣ್ಯ ಇಡುತ್ತಿದ್ದರು, ಹೊರಗಿನವರು ಅದಕ್ಕೆ ಬದಲಾಗಿ ಆಹಾರ ಇಟ್ಟು ಹೋಗುತ್ತಿದ್ದರು. ಆ ಕಲ್ಲು ಇವತ್ತಿಗೂ ಹೊಲದ ನಡುವೆ ಇದೆ. ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಎಂಟು ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಮಣ್ಣು ಮಾಡಿದ ಜಾಗ ಊರಾಚೆಯ ಇಳಿಜಾರಿನಲ್ಲಿದೆ. ಪ್ಲೇಗ್ ಬಂದಾಗ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡವರ ಕಥೆ ಕೇಳಿ ಬೆಳೆದ, ಪ್ಲೇಗಮ್ಮನ ಗುಡಿ ಕಂಡ ಕನ್ನಡಿಗರಿಗೆ ಊರಲ್ಲೇ ಉಳಿದ ಈ ಜನರ ನಿರ್ಧಾರದ ಭಾರ ಬೇಗ ಮುಟ್ಟುತ್ತದೆ. ನೋಡಲು ಖರ್ಚಿಲ್ಲ, ಚರ್ಚಿನ ಹುಂಡಿಗೆ ಏನಾದರೂ ಹಾಕಿ ಬನ್ನಿ.

ಚಾಟ್ಸ್‌ವರ್ತ್ ಅರಮನೆಯ ಒಳಗಿನ ಟಿಕೆಟ್ ದುಬಾರಿ, ಹೊರಗಿನ ವಿಶಾಲ ಉದ್ಯಾನದಲ್ಲಿ ನಡೆಯಲು ಏನೂ ಕೊಡಬೇಕಿಲ್ಲ. ಬ್ಯಾಸ್ಲೋ ಹಳ್ಳಿಯಲ್ಲಿ ಬಸ್ಸಿಳಿದು ಡರ್ವೆಂಟ್ ಹೊಳೆಯ ದಿಕ್ಕು ಹಿಡಿದು ಸಮತಟ್ಟಾದ ದಾರಿಯಲ್ಲಿ ಹೋದರೆ ಅರಮನೆ ಇಡೀ ಕಾಣುತ್ತದೆ. ಮೊಣಕಾಲು ನೋವಿನ ಹಿರಿಯರಿಗೆ, ಗಾಲಿಕುರ್ಚಿಗೆ, ಮಗುವಿನ ತಳ್ಳುಗಾಡಿಗೆ ಬೇಕ್‌ವೆಲ್ ಬಳಿಯ ಮಾನ್ಸಲ್ ಟ್ರೇಲ್ ಇದೆ: 1968ರಲ್ಲಿ ನಿಂತುಹೋದ ರೈಲುಹಳಿಯ ಜಾಗದಲ್ಲಿ ಸುಮಾರು 14 ಕಿಲೋಮೀಟರ್ ದಾರಿ, ದೀಪ ಹಾಕಿದ ಸುರಂಗಗಳು, ನದಿಯ ಮೇಲೆ ಎತ್ತರದ ಕಲ್ಲಿನ ಸೇತುವೆ. ಬೇಕ್‌ವೆಲ್‌ಗೆ ಸೋಮವಾರವೇ ಹೋಗಿ, ಅಂದು ಸಂತೆ.

ಊಟದ ಲೆಕ್ಕಕ್ಕೆ ಬರೋಣ. ಬೆಳಿಗ್ಗೆ ಅವಲಕ್ಕಿ ಅಥವಾ ಉಪ್ಪಿಟ್ಟು ಕೋಣೆಯ ಅಡುಗೆಮನೆಯಲ್ಲಿ, ಮಧ್ಯಾಹ್ನ ಕಟ್ಟಿಕೊಂಡ ಬುತ್ತಿ, ಎರಡು ದಿನಕ್ಕೊಮ್ಮೆ ಪಬ್ಬಿನಲ್ಲಿ ಬಿಸಿ ಊಟ: ಹೀಗೆ ಹಾಕಿಕೊಂಡರೆ ಖರ್ಚು ಹತೋಟಿಯಲ್ಲಿರುತ್ತದೆ. ಚಟ್ನಿಪುಡಿ, ಉಪ್ಪಿಟ್ಟಿನ ಮಿಕ್ಸ್ ಒಯ್ಯಿರಿ. ತುಪ್ಪ, ಹಾಲಿನ ಸಿಹಿ, ಮಾಂಸದ ತಿನಿಸು ಒಯ್ಯಬೇಡಿ, ಭಾರತದಿಂದ ಹಾಲು-ಮಾಂಸದ ಪದಾರ್ಥ ತರುವುದಕ್ಕೆ ಅಲ್ಲಿ ನಿಷೇಧವಿದೆ. ಅಕ್ಕಿ, ಬೇಳೆ, ಹಸಿಮೆಣಸಿನಕಾಯಿಯನ್ನು ಮ್ಯಾಂಚೆಸ್ಟರ್‌ನ ರಷೋಮ್ ಬಡಾವಣೆಯಲ್ಲಿ ಕೊಂಡು ಕಣಿವೆಗೆ ಬನ್ನಿ. ಸಂಜೆ ಸೂಪರ್‌ಮಾರ್ಕೆಟ್ಟುಗಳಲ್ಲಿ ಅಂದಿನ ಬ್ರೆಡ್ಡು, ಹಣ್ಣಿನ ಮೇಲೆ ಬೆಲೆ ಇಳಿಸಿದ ಹಳದಿ ಚೀಟಿ ಅಂಟಿಸುತ್ತಾರೆ, ನೋಡಿ. ಸಸ್ಯಾಹಾರಿಗಳು ಕರಿದದ್ದು ಯಾವುದರಲ್ಲಿ ಎಂದು ಕೇಳಲು ಮರೆಯಬಾರದು: ಉತ್ತರದ ಕಡೆ ಆಲೂ ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುವ ಅಂಗಡಿಗಳು ಬಹಳ. ಪಬ್ಬಿನಲ್ಲಿ ಸುಟ್ಟ ಆಲೂಗಡ್ಡೆ, ಬೀನ್ಸ್, ಚೀಸ್ ಹೊಟ್ಟೆಗೂ ಜೇಬಿಗೂ ಹಿತ. ರಾತ್ರಿ ಎಂಟೂವರೆ ದಾಟಿದರೆ ಅನೇಕ ಹಳ್ಳಿ ಪಬ್ಬುಗಳ ಅಡುಗೆಮನೆ ಮುಚ್ಚಿರುತ್ತದೆ. ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ಕೊಳ್ಳಬೇಡಿ. ಕಾರ್ಡು ಎಲ್ಲೆಡೆ ನಡೆದರೂ ಕೈಯಲ್ಲಿ ಕೆಲವು ನಾಣ್ಯಗಳಿರಲಿ; ತೋಟದ ಮನೆಗಳ ಗೇಟಿನ ಬಳಿ ಮೊಟ್ಟೆ, ಜಾಮ್ ಇಟ್ಟು ಪಕ್ಕದಲ್ಲೊಂದು ಹಣದ ಡಬ್ಬಿ ಇಟ್ಟಿರುತ್ತಾರೆ.

ಖರ್ಚು ಉಳಿಸಬಾರದ ಎರಡು ಜಾಗಗಳೆಂದರೆ ಮಳೆಯಂಗಿ ಮತ್ತು ಬೂಟು. ಮೇ ತಿಂಗಳಲ್ಲೂ ಬೆಟ್ಟದ ಮೇಲೆ ಗಾಳಿ ಕೊರೆಯುತ್ತದೆ, ಅರ್ಧ ಗಂಟೆಯಲ್ಲಿ ಮಂಜು ಕವಿಯುತ್ತದೆ. ಬೂಟನ್ನು ಊರಲ್ಲೇ ಹಾಕಿ ಒಂದು ತಿಂಗಳು ನಡೆದು ಕಾಲಿಗೆ ಒಗ್ಗಿಸಿಕೊಂಡು ಹೋಗಿ. ತೆರೆದ ಗೇಟು ಹಾಗೇ ಇರಲಿ, ಮುಚ್ಚಿದ ಗೇಟನ್ನು ದಾಟಿದ ಮೇಲೆ ಮುಚ್ಚಿ. ಕರುವಿನೊಡನಿರುವ ಹಸುಗಳನ್ನು ಕಂಡರೆ ಮುಟ್ಟಿ ನಮಸ್ಕರಿಸುವ ಆಸೆ ಬೇಡ. ದೂರದಿಂದ ಸುತ್ತಿ ಹೋಗಿ, ಅವು ನುಗ್ಗಿ ಬರಬಲ್ಲವು. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ ಇಲ್ಲದೆ ಹೊರಡಬೇಡಿ. ಬೆಟ್ಟದಲ್ಲಿ ಯಾರಾದರೂ ಬಿದ್ದು ಪೆಟ್ಟಾದರೆ 999ಕ್ಕೆ ಕರೆ ಮಾಡಿ, ಮೊದಲು ಪೊಲೀಸ್ ಬೇಕೆಂದು, ಆಮೇಲೆ ಮೌಂಟನ್ ರೆಸ್ಕ್ಯೂ ಬೇಕೆಂದು ಕೇಳಿ. ಬರುವವರು ಸುತ್ತಲ ಊರುಗಳ ಸ್ವಯಂಸೇವಕರು, ಬಿಲ್ ಕೊಡುವುದಿಲ್ಲ.