ಅಕ್ಕ-ತಮ್ಮ ಒಂದೇ ಕೋಣೆಯಲ್ಲಿ ಮಲಗಬಹುದೇ?

ಪ್ರಶ್ನೆ: ನಮ್ಮದು ಎರಡು ಕೋಣೆಯ ಮನೆ. 11 ವರ್ಷದ ಮಗಳು, 7 ವರ್ಷದ ಮಗ ಮತ್ತು ನಮ್ಮತ್ತೆ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಮಗಳಿಗೆ ಹತ್ತು ತುಂಬಿದರೆ ಬೇರೆ ಕೋಣೆ ಕೊಡಲೇಬೇಕು, ಅದು ಕಾನೂನು ಎಂದು ನೆಂಟರು ಹೇಳುತ್ತಾರೆ. ನಿಜವೇ?
– ಒಬ್ಬ ತಾಯಿ, ಬ್ರಹ್ಮಸಮುದ್ರ, ಅನಂತಪುರ ಜಿಲ್ಲೆ

ಉತ್ತರ: ಅಂಥ ಕಾನೂನು ನಮ್ಮ ದೇಶದಲ್ಲಿಲ್ಲ. ಹತ್ತು ವರ್ಷದ ಲೆಕ್ಕ ಇರುವುದು ಇಂಗ್ಲೆಂಡಿನ 1985ರ ವಸತಿ ಕಾಯ್ದೆಯಲ್ಲಿ. ಹತ್ತು ತುಂಬಿದ, ದಂಪತಿಗಳಲ್ಲದ ಗಂಡು-ಹೆಣ್ಣು ಒಂದೇ ಕೋಣೆಯಲ್ಲಿ ಮಲಗಬೇಕಾಗಿ ಬಂದರೆ ಆ ಮನೆ ಇಕ್ಕಟ್ಟಿನದು ಎಂದು ಅದು ಎಣಿಸುತ್ತದೆ. ನಿಮ್ಮ ಮಗನಿಗಿನ್ನೂ ಏಳು; ಆ ನಿಯಮ ಹಿಡಿದು ನೋಡಿದರೂ ನಿಮ್ಮ ಮನೆಯಲ್ಲಿ ತಪ್ಪಿಲ್ಲ. 2011ರ ಜನಗಣತಿಯಂತೆ ಭಾರತದ ನೂರು ಕುಟುಂಬಗಳಲ್ಲಿ 37ಕ್ಕೆ ಇರುವುದೇ ಒಂದು ಕೋಣೆ. ಇಲ್ಲಿ ಮಕ್ಕಳಿಗೆ ತಲೆಗೊಂದು ಕೋಣೆ ಎಂದು ಪಟ್ಟು ಹಿಡಿದರೆ ತಾಯಂದಿರ ಮನಸ್ಸು ನೋಯುತ್ತದೆಯೇ ಹೊರತು ಮಕ್ಕಳ ಆರೋಗ್ಯ ಸುಧಾರಿಸುವುದಿಲ್ಲ.

ವೈದ್ಯರು ಕೇಳಬೇಕಾದ ಪ್ರಶ್ನೆಯೇ ಬೇರೆ: ಆ ಕೋಣೆಯಲ್ಲಿ ಗಾಳಿ ಆಡುತ್ತದೆಯೇ, ಮಗುವಿಗೆ ನಿದ್ದೆ ಸಾಲುತ್ತದೆಯೇ, ಮರೆ ಇದೆಯೇ? ಇಕ್ಕಟ್ಟಾದ ಮನೆಗಳಲ್ಲಿ ಕ್ಷಯ ಮತ್ತು ಉಸಿರಾಟದ ಸೋಂಕುಗಳು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ವಸತಿ ಮಾರ್ಗಸೂಚಿಯಲ್ಲಿ ಎಚ್ಚರಿಸಿದೆ. ಮಕ್ಕಳಿಗೆ ಕ್ಷಯ ಹೆಚ್ಚಾಗಿ ತಗಲುವುದು ಜೊತೆಗಿರುವ ದೊಡ್ಡವರಿಂದ. ಅತ್ತೆಯವರಿಗೆ ಎರಡು ವಾರ ದಾಟಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಅಲ್ಲಿ ಅದು ಉಚಿತ. ಒಬ್ಬರಿಗೆ ಕಜ್ಜಿ ಬಂದರೆ ಮನೆಮಂದಿಯೆಲ್ಲ ಒಂದೇ ದಿನ ಮುಲಾಮು ಹಚ್ಚಿಕೊಳ್ಳಬೇಕು. ಇಲ್ಲವಾದರೆ ಅದು ಹಾಸಿಗೆಯಿಂದ ಹಾಸಿಗೆಗೆ ಸುತ್ತುತ್ತಲೇ ಇರುತ್ತದೆ. ಕಡ್ಲೆಕಾಯಿ ಮೂಟೆಗಳನ್ನು ಕಿಟಕಿಗೆ ಅಡ್ಡ ಒಟ್ಟಬೇಡಿ. ಹೊಲಕ್ಕೆ ಹೊಡೆಯುವ ಔಷಧಿ ಡಬ್ಬ ಮಕ್ಕಳು ಮಲಗುವ ಕೋಣೆಯಲ್ಲಿ ಒಂದು ರಾತ್ರಿಯೂ ಇರಕೂಡದು.

‘ಹಿಂದೆ ಹತ್ತು ಜನ ಒಂದೇ ನಡುಮನೆಯಲ್ಲಿ ಮಲಗುತ್ತಿರಲಿಲ್ಲವೇ’ ಎಂದು ಹಿರಿಯರು ಕೇಳುತ್ತಾರೆ. ಮಲಗುತ್ತಿದ್ದರು. ಆದರೆ ಬೇಸಿಗೆ ಬಂದರೆ ಜಗಲಿ, ಮಾಳಿಗೆ, ಅಂಗಳಗಳಲ್ಲೂ ಹಾಸಿಕೊಳ್ಳುತ್ತಿದ್ದರು. ಕಿಟಕಿ ಮುಚ್ಚಿದ ಆರ್‌ಸಿಸಿ ಕೋಣೆಯಲ್ಲಿ ಆ ಗಾಳಿಯಿಲ್ಲ. ಆಗ ಕ್ಷಯ ಇಡೀ ಕುಟುಂಬಗಳನ್ನು ತಿಂದದ್ದೂ ಸುಳ್ಳಲ್ಲ.

‘ಒಡಹುಟ್ಟಿದವರಿಗೆ ಎಂಥ ಮರೆ’ ಎನ್ನುವುದು ಇನ್ನೊಂದು ಮಾತು. ಇದನ್ನು ನಾನು ಒಪ್ಪುವುದಿಲ್ಲ. ಹೆಣ್ಣುಮಕ್ಕಳಲ್ಲಿ 8ರಿಂದ 13ರೊಳಗೆ ಮೈನೆರೆಯುವ ಬದಲಾವಣೆಗಳು ಶುರುವಾಗುತ್ತವೆ. ಬಟ್ಟೆ ಬದಲಿಸಲು ಚಿಲಕವಿರುವ ಬಚ್ಚಲು, ಇಲ್ಲದಿದ್ದರೆ ಹಗ್ಗಕ್ಕೆ ಇಳಿಬಿಟ್ಟ ಹಳೆಯ ಸೀರೆ, ಮುಟ್ಟಿನ ಬಟ್ಟೆ ಇಡಲು ಅವಳದೇ ಪೆಟ್ಟಿಗೆ, ಬೇರೆ ಚಾಪೆ, ಬೇರೆ ಹೊದಿಕೆ, ಇಷ್ಟಕ್ಕೆ ಇನ್ನೊಂದು ಕೋಣೆ ಕಟ್ಟಿಸಬೇಕಿಲ್ಲ. ಹಾಸಿಗೆ ಬೇರೆ ಮಾಡುವುದು ತಮ್ಮನ ಮೇಲೆ ಅನುಮಾನ ಪಟ್ಟಂತಲ್ಲ. ಯಾರ ಮುಟ್ಟುವಿಕೆ ಇಷ್ಟವಾಗದಿದ್ದರೂ, ಅವರು ಮನೆಯವರೇ ಆಗಿರಲಿ, ‘ಬೇಡ’ ಎಂದು ಹೇಳಿ ನಿಮ್ಮ ಬಳಿ ಬರಬೇಕೆಂದು ಇಬ್ಬರಿಗೂ ಕಲಿಸಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಮನೆಯೊಳಗೂ ಅನ್ವಯಿಸುತ್ತದೆ; ಮಕ್ಕಳ ಸಹಾಯವಾಣಿ 1098.

ಈ ವಯಸ್ಸಿಗೆ ದಿನಕ್ಕೆ 9ರಿಂದ 12 ತಾಸು ನಿದ್ದೆ ಬೇಕು. ಆದ್ದರಿಂದ ಟಿವಿ, ಮೊಬೈಲ್ ಆ ಕೋಣೆಯಿಂದ ಆಚೆ ಇರಲಿ. ಮಗನಿಗೆ ಹತ್ತು ತುಂಬುವ ಹೊತ್ತಿಗೆ ಅವನ ಹಾಸಿಗೆಯನ್ನು ನಿಮ್ಮ ಕಡೆಗೋ ನಡುಮನೆಗೋ ಹಾಕಿ, ಮಗಳು ಅಜ್ಜಿಯೊಂದಿಗೇ ಇರಲಿ. ಅದಕ್ಕೂ ಮೊದಲೇ ಅವಳು ಮುಜುಗರ ಹೇಳಿಕೊಂಡರೆ ವಯಸ್ಸಿನ ಲೆಕ್ಕ ಬಿಟ್ಟು ಅಂದೇ ಜಾಗ ಬದಲಿಸಿ.