ಪ್ರಕೃತಿ–ವಿಕೃತಿ ವಿವೇಕ

‘ಸ್ವಸ್ಥ’ ಎಂಬ ಶಬ್ದವನ್ನು ಬಿಡಿಸಿ ನೋಡಿದರೆ ‘ಸ್ವ’ದಲ್ಲಿ, ಎಂದರೆ ತನ್ನ ಸಹಜಸ್ಥಿತಿಯಲ್ಲಿ, ನೆಲೆನಿಂತವನು ಎಂಬ ಅರ್ಥ ದೊರೆಯುತ್ತದೆ. ಎಲ್ಲರ ದೇಹವೂ ಒಂದೇ ಅಳತೆಯಲ್ಲಿರಬೇಕೆಂಬ ಭಾವ ಈ ಶಬ್ದದಲ್ಲಿಲ್ಲ. ಆಯುರ್ವೇದವು ವಾತಪಿತ್ತಕಫಗಳ ತಾರತಮ್ಯದಿಂದ ದೇಹಪ್ರಕೃತಿಗಳು ಭಿನ್ನವಾಗುವುವೆಂದು ಮೊದಲು ಒಪ್ಪಿ, ಅನಂತರವೇ ವಿಕೃತಿಯನ್ನು ವಿಚಾರಿಸಿತು. ಇಂದಿನ ವೈದ್ಯವಿಜ್ಞಾನದ ಪರಿಭಾಷೆ ಬೇರೆಯಾದರೂ ಈ ಕ್ರಮವನ್ನು ಅದೂ ಅಲ್ಲಗಳೆಯದು. ಸಹಜವಾದುದು ಯಾವುದೆಂದು ಅರಿಯದೆ ರೋಗವಾವುದೆಂದು ನಿರ್ಣಯಿಸುವುದು ಸಾಧ್ಯವಿಲ್ಲ.

ಈ ವಿವೇಕ ತಪ್ಪಿದಾಗ ಆಗುವ ಹಾನಿ ಎಷ್ಟೆಂಬುದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನೊಳಗೊಂಡ ಕಲಬುರಗಿ ಜಿಲ್ಲೆಯಲ್ಲಿ ಅನಗತ್ಯವಾಗಿ ಸ್ತ್ರೀಯರ ಗರ್ಭಕೋಶವನ್ನು ತೆಗೆದ ಪ್ರಕರಣಗಳು 2015ರಲ್ಲಿ ಬೆಳಕಿಗೆ ಬಂದುವು. ಆರೋಗ್ಯ ಇಲಾಖೆಯು ತನಿಖೆ ನಡೆಸಿತು. ಮಹಿಳಾ ಸಂಘಟನೆಗಳು ಹೋರಾಟಕ್ಕಿಳಿದುವು. ಬಾಧಿತರಲ್ಲಿ ಲಂಬಾಣಿ ತಾಂಡಾಗಳ ಮತ್ತು ದಲಿತ ಕುಟುಂಬಗಳ ಸ್ತ್ರೀಯರು ಬಹುಸಂಖ್ಯೆಯಲ್ಲಿದ್ದರು.

ಇಂಥ ಪ್ರಕರಣಗಳ ಮೂಲದಲ್ಲಿರುವುದು ಶಸ್ತ್ರವಲ್ಲ, ಹೆಸರು. ತೊಗರಿಯ ಹೊಲದಲ್ಲಿ ದಿನವೆಲ್ಲ ಬಾಗಿ ದುಡಿಯುವ ಹೆಣ್ಣುಮಗಳಿಗೆ ಸೊಂಟ ನೋಯುತ್ತದೆ, ಬಿಳಿ ಹೋಗುತ್ತದೆ, ಒಂದು ತಿಂಗಳು ಮುಟ್ಟು ಎಂಟು ದಿನ ಹಿಂದುಮುಂದಾಗುತ್ತದೆ. ಸಂಕೋಚದಿಂದ ಬಹುಕಾಲ ಮುಚ್ಚಿಟ್ಟು, ಕೊನೆಗೊಮ್ಮೆ ಹೇಳಿಕೊಂಡಾಗ, ‘ಗರ್ಭಚೀಲ ಕೆಟ್ಟಿದೆ, ಬಿಟ್ಟರೆ ಕ್ಯಾನ್ಸರ್ ಆದೀತು’ ಎಂಬ ಮಾತು ಕಿವಿಗೆ ಬೀಳುತ್ತದೆ. ಆ ಹೆಸರನ್ನು ಕೇಳಿದ ಮೇಲೆ ಮನೆಯವರು ವಿಚಾರಮಾಡುವ ಸ್ಥಿತಿಯಲ್ಲಿರುವುದಿಲ್ಲ. ಸಾಲವಾದರೂ ಚಿಂತೆಯಿಲ್ಲ, ಜೀವ ಉಳಿಯಲಿ ಎನ್ನುತ್ತಾರೆ. ಮಕ್ಕಳಾದ ಮೇಲೆ ಗರ್ಭಕೋಶದಿಂದ ಇನ್ನೇನು ಪ್ರಯೋಜನವೆಂಬ ತಪ್ಪು ತಿಳಿವಳಿಕೆಯೂ ಇದಕ್ಕೆ ಜೊತೆಗೂಡುತ್ತದೆ.

ಸಹಜವಾದುದು ಯಾವುದು? ಋತುಚಕ್ರವು ಎಲ್ಲರಲ್ಲಿಯೂ 28 ದಿನಗಳದಾಗಿರುವುದಿಲ್ಲ. ಪ್ರಾಯದ ಸ್ತ್ರೀಯರಲ್ಲಿ ಅದು ಸುಮಾರು 21ರಿಂದ 35 ದಿನಗಳವರೆಗೆ ಇರಬಹುದು. ಹೊಸದಾಗಿ ಋತುಮತಿಯರಾದ ಬಾಲಕಿಯರಲ್ಲಿ ಮೊದಲ ಒಂದೆರಡು ವರ್ಷ ಏರುಪೇರು ಇನ್ನೂ ಹೆಚ್ಚು. ವಾಸನೆಯಾಗಲಿ ತುರಿಕೆಯಾಗಲಿ ಇಲ್ಲದ ಬಿಳಿಯ ಅಥವಾ ತಿಳಿಯಾದ ಸ್ರಾವವು ದೇಹವು ತನ್ನನ್ನು ತಾನು ಶುದ್ಧವಾಗಿರಿಸಿಕೊಳ್ಳುವ ಕ್ರಮ. ಚಕ್ರದ ನಡುವಿನಲ್ಲಿಯೂ ಗರ್ಭಿಣಿಯಲ್ಲಿಯೂ ಅದು ಹೆಚ್ಚುತ್ತದೆ, ಕ್ಯಾನ್ಸರಾಗಿ ಮಾರ್ಪಡುವುದಿಲ್ಲ. ರಜಸ್ಸು 12ನೆಯ ವರ್ಷದ ಅನಂತರ ತೊಡಗಿ 50ರ ವೇಳೆಗೆ ಕ್ಷಯಿಸುವುದೆಂದು ಸುಶ್ರುತಸಂಹಿತೆ ಹೇಳುತ್ತದೆ. ಹಾಗೆ ನಿಲ್ಲುವ ಮೊದಲಿನ ಕೆಲವು ವರ್ಷ ಮುಟ್ಟು ಕ್ರಮತಪ್ಪುವುದು ಸಾಮಾನ್ಯ.

ಹಾಗೆಂದು ಎಲ್ಲವನ್ನೂ ಪ್ರಕೃತಿಯೆಂದು ಕಡೆಗಣಿಸುವುದು ಅಷ್ಟೇ ದೊಡ್ಡ ಅಪರಾಧ. ದುರ್ಗಂಧ, ತುರಿಕೆ, ಹಳದಿ ಅಥವಾ ಹಸಿರು ಬಣ್ಣದ ಸ್ರಾವ, ಜ್ವರದೊಡನೆ ಕಿಬ್ಬೊಟ್ಟೆಯ ನೋವು, ನಿಶ್ಶಕ್ತಿಯುಂಟುಮಾಡುವಷ್ಟು ರಕ್ತಸ್ರಾವ, ಸಮಾಗಮದ ಅನಂತರ ಅಥವಾ ಮುಟ್ಟು ನಿಂತ ಮೇಲೆ ಕಾಣುವ ರಕ್ತ – ಇವು ತಡಮಾಡದೆ ಪರೀಕ್ಷಿಸಿಕೊಳ್ಳಬೇಕಾದ ಲಕ್ಷಣಗಳು. ಇವುಗಳಲ್ಲಿಯೂ ಸೋಂಕಿಗೆ ಔಷಧಿಯುಂಟು. ಅಧಿಕ ರಕ್ತಸ್ರಾವಕ್ಕೂ ಮೊದಲು ಮಾತ್ರೆಗಳಿಂದ ಚಿಕಿತ್ಸೆಯುಂಟು. ಕ್ಯಾನ್ಸರಿನ ಶಂಕೆಯನ್ನು ಪರೀಕ್ಷೆಯಿಂದ ನಿರ್ಣಯಿಸಬೇಕೇ ಹೊರತು ಊಹೆಯಿಂದಲ್ಲ. ಬೇರೆ ಉಪಾಯ ಫಲಿಸದಿದ್ದಾಗ, ಅಥವಾ ಕ್ಯಾನ್ಸರ್ ಖಚಿತವಾದಾಗ, ಅದೇ ಶಸ್ತ್ರಚಿಕಿತ್ಸೆ ಪ್ರಾಣರಕ್ಷಕವಾಗುತ್ತದೆ.

ಅಕಾರಣವಾಗಿ ಮಾಡಿದರೆ ಅದರ ಫಲ ಬೇರೆ. ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದರೆ, ಐವತ್ತರ ಸುಮಾರಿಗೆ ಬರಬೇಕಾದ ಸ್ಥಿತಿ ಮೂವತ್ತರಲ್ಲಿಯೇ ಒಮ್ಮೆಲೆ ಬರುತ್ತದೆ. ಮೈ ಕಾವೇರಿ ಬೆವರುವುದು, ನಿದ್ರಾಭಂಗ, ಮೂಳೆ ಸವೆಯುವುದು, ಹೃದ್ರೋಗದ ಸಂಭವ ಹೆಚ್ಚುವುದು ಇದರ ಪರಿಣಾಮಗಳು. ದೇಹಶ್ರಮವನ್ನೇ ನಂಬಿದವಳಿಗೆ ಮೂಳೆಯ ಬಲ ಕುಂದಿದರೆ ಕೂಲಿಯೂ ಕುಂದುತ್ತದೆ. ಚಿಕಿತ್ಸೆಗೆ ಮಾಡಿದ ಸಾಲ ಮಾತ್ರ ಉಳಿಯುತ್ತದೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರ ಪೈಕಿ ನೂರಕ್ಕೆ 3.2ರಷ್ಟು ಮಂದಿಗೆ ಗರ್ಭಕೋಶವಿರಲಿಲ್ಲ. ಈ ಶಸ್ತ್ರಚಿಕಿತ್ಸೆಗಳಲ್ಲಿ ಸುಮಾರು ಮೂರನೆಯ ಎರಡು ಪಾಲು ಖಾಸಗಿ ಆಸ್ಪತ್ರೆಗಳಲ್ಲಿ ನಡೆದಿದ್ದುವು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥ ಪ್ರಕರಣಗಳನ್ನು ಕುರಿತು 2013ರಲ್ಲಿ ಸಲ್ಲಿಸಲಾದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್ 5ರಂದು ತೀರ್ಪಿತ್ತು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಯನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯವು 2022ರಲ್ಲಿ ರೂಪಿಸಿದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು.

ಕಾನೂನಿಗೂ ಮೊದಲು ಬೇಕಾದುದು ಅರಿವು. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದರು. ಮುಟ್ಟನ್ನು ಮೈಲಿಗೆಯೆಂದು ಕರೆಯುವುದು ದೇಹಧರ್ಮಕ್ಕೆ ಸಲ್ಲದ ಹೆಸರೆಂಬುದು ಅವರ ನಿಲುವು. ಆದರೆ ಆ ಸೂತಕವು ಮನೆಗಳಿಂದ ಪೂರ್ಣವಾಗಿ ತೊಲಗಲಿಲ್ಲ. ಅದು ಉಳಿಸಿದ ಮೌನದಿಂದಾಗಿ ತಾಯಿಯು ಮಗಳಿಗೆ ಹೇಳಲಿಲ್ಲ, ಮಗಳು ಕೇಳಲಿಲ್ಲ. ಆ ಮೌನವಿದ್ದಲ್ಲಿಯೇ ‘ರೋಗ’ವೆಂಬ ಎರಡನೆಯ ಸಲ್ಲದ ಹೆಸರು ಸುಲಭವಾಗಿ ಬೇರೂರಿತು. ಮೊದಲನೆಯದು ಸ್ತ್ರೀಯನ್ನು ಮನೆಯ ಹೊರಗೆ ಕೂರಿಸಿತು; ಎರಡನೆಯದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿಸಿತು.

ಶ್ರೀಮಠಗಳ ಆಶ್ರಯದಲ್ಲಿ ಬೆಳೆದ ವಿದ್ಯಾಲಯಗಳು ಇಲ್ಲಿ ಮಾಡಬಹುದಾದ ಕಾರ್ಯ ಸ್ವಲ್ಪವಲ್ಲ. ಪಠ್ಯದಲ್ಲಿರುವ ಶರೀರಪಾಠವನ್ನು ‘ಮನೆಯಲ್ಲಿ ಓದಿಕೊಳ್ಳಿರಿ’ ಎಂದು ದಾಟಿಸಿಬಿಡದೆ, ಅಧ್ಯಾಪಕರು ತರಗತಿಯಲ್ಲಿಯೇ ನಿಸ್ಸಂಕೋಚವಾಗಿ ಬೋಧಿಸಬೇಕು. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಬಂದು ತಾಯಂದಿರ ಪ್ರಶ್ನೆಗಳಿಗೆ ಉತ್ತರಿಸಬೇಕು. ದಾನಿಗಳು ಕಟ್ಟಡಕ್ಕೆ ಕೊಡುವಂತೆಯೇ, ಬಡ ಹೆಣ್ಣುಮಗಳು ಮತ್ತೊಬ್ಬ ವೈದ್ಯರ ಅಭಿಪ್ರಾಯ ಪಡೆಯಲು ಕಲಬುರಗಿಗೆ ಹೋಗಿಬರುವ ಬಸ್ಸಿನ ಖರ್ಚಿಗೂ ಪರೀಕ್ಷೆಯ ಖರ್ಚಿಗೂ ಒಂದಿಷ್ಟು ಎತ್ತಿಡಬೇಕು. ಪ್ರತಿಯೊಬ್ಬ ಬಾಲಕಿಯೂ ತನ್ನ ಮುಟ್ಟಿನ ತಾರೀಖನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದನ್ನು ಕಲಿಯಬೇಕು. ತನ್ನ ಪ್ರಕೃತಿಯನ್ನು ಬಲ್ಲವಳು ಮುಂದೊಂದು ದಿನ ವೈದ್ಯರೆದುರು ಕುಳಿತಾಗ, ‘ಯಾವ ಪರೀಕ್ಷೆಯಿಂದ ತಿಳಿಯಿತು? ಔಷಧಿಯಿಂದ ಗುಣವಾಗದೆ?’ ಎಂದು ಕೇಳಬಲ್ಲಳು.